ಭಾಷೆ ಬರದ ಅತಿಥಿಗೆ ಮೊದ್ಲು ಕಲಿಸ್ಬೇಕಾದ ಮಾತು ‘ಸಾಕು’

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ರೇಷ್ಮೆ ಹುಳ ಸಾಕ್ತೀವಿ. ಮಗಳು ವೇಮಗಲ್ ಕಡೆ ಒಂದು ಫ್ಯಾಕ್ಟ್ರೀಲಿ ಕೆಲಸ ಮಾಡ್ತಾಳೆ, ಅಲ್ಲಿರೋ ಜಪಾನಿ ಆಫೀಸರ್ ಅವರ ತಾಯಿ ಇಂಡಿಯಾಗೆ ಬರ್ತಾ ಇದಾರೆ. ವಯಸ್ಸು 68. ಅವರ ತವರುಮನೇಲೂ ಹಿಂದೆ ರೇಷ್ಮೆ ಹುಳ ಸಾಕ್ತಿದ್ರಂತೆ, ಗುನ್ಮಾ ಅನ್ನೋ ಕಡೆಯೋರಂತೆ, ಅದಕ್ಕೇ ನಮ್ಮನೇಲಿ ನಾಲ್ಕು ದಿನ ಇರಬೇಕು ಅಂತ ಆಸೆ. ಮೊದಲೆರಡು ದಿನ ಮಗಳಿಗೆ ರಜಾ ಇಲ್ಲ, ರಾತ್ರಿ ಲೇಟಾಗಿ ಬರ್ತಾಳೆ. ನಂಗೆ ಕನ್ನಡ ತೆಲುಗು ಬಿಟ್ರೆ ಬೇರೆ ಬರಲ್ಲ, ಅವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೇ. ನಮ್ಮತ್ತೆ ಬೇರೆ ‘ಮಾತೇ ಬರ್ದೇ ಇರೋರ್ನ ಹೆಂಗೆ ಸತ್ಕಾರ ಮಾಡ್ತೀಯ, ಮರ್ಯಾದೆ ಹೋಗ್ತೈತೆ’ ಅಂತ ಭಯ ಹುಟ್ಟಿಸ್ತಿದಾರೆ. ಏನ್ ಮಾಡ್ಲಿ?

ಉತ್ತರ: ಅಕ್ಕಾ, ಅತ್ತೆಯವರ ಭಯ ನಂಗೆ ಅರ್ಥ ಆಗುತ್ತೆ. ಆದ್ರೆ ನಿಮ್ಮ ಮನೆಯವರು ಗೂಡು ಮಾರೋಕೆ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗಿ ಬರೋದನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಇವರದು ಅರ್ಧ ತೆಲುಗು ಅರ್ಧ ಕನ್ನಡ, ತಗೊಂಡು ನೂಲು ಬಿಚ್ಚೋ ರೀಲರ್‌ದು ಉರ್ದು, ಪಕ್ಕದಲ್ಲಿ ತಮಿಳು ಮಾತಾಡೋರು ಇನ್ನೊಬ್ಬರು, ಆದ್ರೂ ಒಂದು ಗೂಡು ಎತ್ತಿ ಕಿವಿ ಹತ್ರ ಅಲ್ಲಾಡಿಸಿದ್ರೆ ಒಳಗಿನ ಹುಳ ಹೆಂಗಿದೆ ಅನ್ನೋದು ಎಲ್ಲರಿಗೂ ಒಂದೇ ಥರ ಗೊತ್ತಾಗುತ್ತೆ. ಬರ್ತಾ ಇರೋ ಅಮ್ಮನೂ ಆ ಸದ್ದು ಗೊತ್ತಿರೋರೇ. ಹಾಗಾಗಿ ಮಾತಿಲ್ಲದೆ ಎರಡು ದಿನ ಹೇಗೆ ಕಳೆಯೋದು ಅನ್ನೋ ಚಿಂತೆ ನಿಮಗೆ ಬೇಡ. ಮಾತಿಲ್ಲದೆ ಅವರು ‘ಬೇಡ’ ಅನ್ನೋದು ಹೇಗೆ ಅನ್ನೋದನ್ನ ಯೋಚ್ನೆ ಮಾಡಿ. ನಾನು ಕೋಲಾರದಲ್ಲಿದ್ದು ಜಪಾನೀಸ್ ದುಭಾಷಿ ಕೆಲಸ ಮಾಡ್ತಾ 12 ವರ್ಷ ಆಯ್ತು, 2013ರಲ್ಲಿ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಫ್ಯಾಕ್ಟ್ರಿ ಶುರುವಾದ ಮೇಲೆ ನಮ್ಮ ಕಡೆ ಜಪಾನಿನವರ ಓಡಾಟ ಜಾಸ್ತಿಯಾಯ್ತು, ಮನೆಗಳಿಗೆ ಅತಿಥಿಗಳನ್ನ ಕರ್ಕೊಂಡು ಹೋಗಿ ಬಿಟ್ಟು ಬಂದಿದ್ದೂ ಎಷ್ಟೋ ಸಲ. ತೊಂದರೆ ಆಗಿದ್ದೆಲ್ಲ ಉಪಚಾರ ಕಮ್ಮಿಯಾಗಿ ಅಲ್ಲ, ಬೇಡ ಅನ್ನೋಕೆ ದಾರಿ ಇಲ್ಲದೆ.

ಒಂದು ನಡೆದ ವಿಷ್ಯ ಹೇಳ್ತೀನಿ. ಶುರುವಿನ ವರ್ಷಗಳಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನ ಒಂದು ಮನೇಲಿ ಬಿಟ್ಟು, ಮನೆಯವರಿಗೆ ನಾನೇ ಹೇಳಿದ್ದೆ, ಅವರು ‘ದೈಜೋಬು’ ಅಂದ್ರೆ ಪರವಾಗಿಲ್ಲ ಆರಾಮಾಗಿದೀನಿ ಅಂತ ಅರ್ಥ ಅಂತ. ಮಾರನೇ ದಿನ ಸಂಜೆ ಹೋಗಿ ನೋಡಿದ್ರೆ ಅವರಿಗೆ ಹಿಂದಿನ ರಾತ್ರಿಯಿಂದ ಹೊಟ್ಟೆ ಕೆಟ್ಟು ಜ್ವರ ಬಂದು ಮಲಗಿದಾರೆ, ಮನೆಯವರು ಕೇಳಿದಾಗೆಲ್ಲ ‘ದೈಜೋಬು ದೈಜೋಬು’ ಅಂತ ನಕ್ಕಿದಾರೆ. ಈ ಮಾತಿಗೆ ‘ಪರವಾಗಿಲ್ಲ’ ಅಂತನೂ ಅರ್ಥ, ‘ಬೇಡ ಬಿಡಿ, ತೊಂದ್ರೆ ತಗೋಬೇಡಿ’ ಅಂತನೂ ಅರ್ಥ, ನಾನು ಅರ್ಧ ಅರ್ಥ ಮಾತ್ರ ಹೇಳಿ ಬಂದಿದ್ದೆ. ತಪ್ಪು ನಂದೇ, ಆ ಮನೆಯವರು ಪಾಪ ಕಣ್ಣೀರು ಹಾಕ್ಕೊಂಡ್ರು. ಆವತ್ತಿಂದ ಯಾರ ಮನೆಗೆ ಹೋದ್ರೂ ಮೊದಲು ಇದನ್ನೇ ಹೇಳೋದು. ನಗ್ತಾ ದೈಜೋಬು ಅಂದ್ರೆ ಅದನ್ನ ಉತ್ತರ ಅಂತ ತಗೋಬೇಡಿ. ಹಾಗೇ ‘ಚೊತ್ತೊ...’ ಅಂತ ಎಳೆದು ನಿಲ್ಲಿಸಿದ್ರೆ, ಅದರ ಅರ್ಥ ‘ಸ್ವಲ್ಪ’ ಅಂತ ಆದ್ರೂ ಹೇಳ್ತಿರೋದು ‘ಆಗಲ್ಲ’ ಅಂತ, ನಾವು ‘ನೋಡಣ ಬಿಡಿ’ ಅಂತೀವಲ್ಲ ಹಂಗೆ. ಇನ್ನು ‘ಹಾಯ್ ಹಾಯ್’ ಅಂತ ತಲೆ ಆಡಿಸ್ತಾ ಇದ್ರೆ ಒಪ್ಪಿದಾರೆ ಅಂತ ಅಂದ್ಕೋಬೇಡಿ, ಸುಮಾರು ಸಲ ಅದು ನಿಮ್ಮ ಮಾತು ಕೇಳಿಸ್ಕೊಳ್ತಾ ಇದೀನಿ ಅಂತಷ್ಟೇ, ನಾವು ಫೋನಲ್ಲಿ ‘ಹೂಂ ಹೂಂ’ ಅಂದಂಗೆ.

ಅದಕ್ಕೇ ಅವರನ್ನ ‘ಹೌದಾ ಅಲ್ವಾ’ ಅಂತ ಕೇಳೋದನ್ನೇ ಬಿಟ್ಬಿಡಿ. ‘ಕಾಫಿ ಬೇಡ್ವಾ?’ ಅಂದ್ರಂತೂ ಪೂರ್ತಿ ಗೊಂದಲ. ನಮ್ಮಲ್ಲಿ ‘ಹೂಂ’ ಅಂದ್ರೆ ಹೌದು ಬೇಡ ಅಂತ, ಜಪಾನೀಸಲ್ಲೂ ಹಂಗೇ, ಆದ್ರೆ ಇಂಗ್ಲಿಷಲ್ಲಿ ಉಲ್ಟಾ, ಅವರು ಯಾವ ಲೆಕ್ಕದಲ್ಲಿ ತಲೆ ಆಡಿಸಿದ್ರೋ ಗೊತ್ತಾಗಲ್ಲ. ನಾವು ಒಪ್ಪಿದಾಗ ತಲೆನ ಆ ಕಡೆ ಈ ಕಡೆ ತೂಗ್ತೀವಲ್ಲ, ಅದು ಅವರಿಗೆ ‘ಇಲ್ಲ’ ಅಂದಂಗೆ ಕಾಣುತ್ತೆ. ಎರಡು ವಸ್ತು ಮುಂದಿಟ್ಟು ಬೆರಳು ತೋರಿಸೋ ಹಂಗೆ ಮಾಡಿ: ಒಂದು ಕೈಲಿ ಕಾಫಿ ಲೋಟ ಒಂದು ಕೈಲಿ ಬಿಸಿನೀರಿನ ಲೋಟ, ಒಂದು ಕಡೆ ಚಾಪೆ ದಿಂಬು ಒಂದು ಕಡೆ ಚಪ್ಪಲಿ. ಮಲಗ್ತಾರೋ ತೋಟಕ್ಕೆ ಬರ್ತಾರೋ ಅವರೇ ತೋರಿಸ್ತಾರೆ. ಅವರು ಮುಖದ ಮುಂದೆ ಅಂಗೈ ಅಡ್ಡಡ್ಡ ಬೀಸಿದ್ರೆ ಬೇಡ ಅಂತ, ಎರಡು ಕೈ ಕತ್ತರಿ ಥರ ಅಡ್ಡ ಹಿಡಿದ್ರೆ ಆಗಲ್ಲ ಅಂತ, ಬೆರಳಲ್ಲಿ ತಮ್ಮ ಮೂಗು ತೋರ್ಸ್ಕೊಂಡ್ರೆ ‘ನಾನಾ?’ ಅಂತ. ಬಾ ಅಂತ ಕರೆಯೋಕೆ ಅಂಗೈ ಕೆಳಗೆ ಮಾಡಿ ಬೆರಳು ಆಡಿಸೋದು ಮಾತ್ರ ಅವರದೂ ನಮ್ಮದೂ ಒಂದೇ. ಎಣಿಸೋದು ಬೇರೆ, ಅವರು ಬಿಚ್ಚಿದ ಕೈಯಿಂದ ಶುರು ಮಾಡಿ ಹೆಬ್ಬೆರಳಿಂದ ಒಂದೊಂದೇ ಮಡಿಸ್ತಾ ಹೋಗ್ತಾರೆ, ನಾವು ಗೆಣ್ಣು ಎಣಿಸ್ತೀವಿ. ಅದಕ್ಕೆ ಟೈಮು ದುಡ್ಡು ಏನಿದ್ರೂ ಪೇಪರ್ ಮೇಲೆ ಅಂಕಿ ಬರೆದು ತೋರ್ಸಿ. 1 2 3 ಅಂತ ಬರೀರಿ, ಕನ್ನಡ ಅಂಕಿ ಅವರಿಗೆ ಗೊತ್ತಾಗಲ್ಲ.

ಈಗ ‘ಸಾಕು’ ಅನ್ನೋ ಮಾತಿಗೆ ಬರ್ತೀನಿ. ನಮ್ಮ ಕಡೆ ತಟ್ಟೆ ಖಾಲಿಯಾದ್ರೆ ಬಡಿಸೋರಿಗೆ ಕೈ ಸುಮ್ನಿರಲ್ಲ, ಖಾಲಿ ತಟ್ಟೆ ಅಂದ್ರೆ ಇನ್ನೂ ಹಸಿವಿದೆ ಅಂತ ನಾವು ತಿಳ್ಕೊಳ್ತೀವಿ. ಅವರಲ್ಲಿ ಚಿಕ್ಕಂದಿನಿಂದ ಕಲಿಸೋದು ಒಂದಗುಳೂ ಬಿಡಬಾರದು ಅಂತ, ಅದೂ ಆ ವಯಸ್ಸಿನವರು ಬಿಡೋದೇ ಇಲ್ಲ. ನೀವು ಬಡಿಸ್ತೀರಿ, ಅವರು ಮುಗಿಸ್ತಾರೆ, ಮುಗಿಸಿದ್ರು ಅಂತ ಇನ್ನೊಂದು ಸೌಟು ಹಾಕ್ತೀರಿ, ಪ್ರೀತಿಯಿಂದ ಮಾಡಿದ್ದು ಅಂತ ಅದನ್ನೂ ಮುಗಿಸ್ತಾರೆ. ನಾನು ಹೇಳಿದ ಆ ಜ್ವರದ ಕಥೆ ಹಿಂದೆ ಇದ್ದಿದ್ದೂ ಇದೇ. ಹಾಗಾಗಿ ಬಂದ ದಿನ, ಊಟಕ್ಕೆ ಕೂರೋ ಮುಂಚೆನೇ, ತಟ್ಟೆ ಮೇಲೆ ಅಂಗೈ ಅಡ್ಡ ಹಿಡಿದು ‘ಸಾಕು’ ಅಂತ ಹೇಳಿ ತೋರ್ಸಿ, ಅವರ ಕೈಲೂ ಹೇಳಿಸಿ. ಮಕ್ಕಳಿದ್ರೆ ಆಟ ಥರ ಮಾಡಿಸಿ, ಮಗು ತಟ್ಟೆಗೆ ಅನ್ನ ಹಾಕೋಕೆ ಹೋಗಿ, ಮಗು ಸಾಕು ಅನ್ನಲಿ, ನೀವು ಸೌಟು ವಾಪಸ್ ತಗೊಳ್ಳಿ. ವಾಪಸ್ ತಗೊಳ್ಳೋದನ್ನ ಅವರು ಕಣ್ಣಾರೆ ನೋಡಬೇಕು, ಮಾತು ನಡೆಯುತ್ತೆ ಅಂತ ನಂಬಿಕೆ ಬರೋದು ಆಗಲೇ. ಅತ್ತೆಯವರಿಗೆ ಮುಖ್ಯವಾಗಿ ಇದನ್ನ ಹೇಳಿ: ಅತಿಥಿ ಸಾಕು ಅಂದ್ಮೇಲೆ ‘ಇನ್ನೊಂದ್ ಚೂರು’ ಅಂತ ಹಾಕಿದ್ರೆ ಅವರ ಹತ್ರ ಇದ್ದ ಒಂದೇ ಒಂದು ಕನ್ನಡ ಪದನೂ ಕೆಲಸಕ್ಕೆ ಬರಲ್ಲ ಅಂತ ಆಗೋಗುತ್ತೆ.

ನೀವು ಕಲೀಬೇಕಾದ ಪದ ಇನ್ನೂ ಸುಲಭ. ಜಪಾನೀಸಲ್ಲಿ ಖಾರಕ್ಕೆ ‘ಕರಾಯ್’ ಅಂತಾರೆ! ಕಾಕತಾಳೀಯ ಇರಬೋದು, ಆದ್ರೆ ನೀವು ಸಾರಿನ ಪಾತ್ರೆ ತೋರಿಸಿ ‘ಖಾರ’ ಅಂದ್ರೆ ಅವರಿಗೆ ಮುಕ್ಕಾಲು ಭಾಗ ತಿಳಿಯುತ್ತೆ. ನೀರಿಗೆ ಮಿಜು, ರುಚಿಯಾಗಿದೆ ಅನ್ನೋಕೆ ಓಯ್‌ಶೀ, ನೋವಾಗ್ತಿದೆ ಅನ್ನೋಕೆ ಇತಾಯ್. ಈ ಕೊನೇದನ್ನ ಮಾತ್ರ ಮನೆಯವರೆಲ್ಲ ಬಾಯಿಪಾಠ ಮಾಡ್ಕೊಳ್ಳಿ, ಬಾತ್‌ರೂಮಿಂದಾನೋ ತೋಟದಿಂದಾನೋ ‘ಇತಾಯ್’ ಅಂತ ಕೇಳಿಸಿದ್ರೆ ಓಡಿ ಹೋಗ್ಬೇಕು. ಇನ್ನೊಂದು ಖುಷಿ ವಿಷ್ಯ, ಜಪಾನೀಸ್ ವಾಕ್ಯ ನಮ್ಮ ವಾಕ್ಯದ ಥರಾನೇ ಜೋಡಣೆ ಆಗುತ್ತೆ, ‘ನಾನು ಅನ್ನ ತಿಂತೀನಿ’ ಅನ್ನೋ ಹಂಗೇ ಅವರೂ ಮೊದಲು ನಾನು, ಆಮೇಲೆ ಅನ್ನ, ಕೊನೇಲಿ ತಿನ್ನೋದು. ಅದಕ್ಕೇ ನಾಲ್ಕು ಕನ್ನಡ ಪದ ಸಿಕ್ಕಿದ್ರೆ ಅವರು ಬೇಗ ಸರಿಯಾಗಿ ಜೋಡಿಸ್ತಾರೆ, ನಾನು ಕಣ್ಣಾರೆ ನೋಡಿದೀನಿ.

ಊಟದ ವಿಷ್ಯ. ಬೇರೆ ಅಡುಗೆ ಮಾಡಿ ಅಂತ ನಾನು ಹೇಳಲ್ಲ, ಅವರು ಬರ್ತಿರೋದೇ ನಿಮ್ಮನೆ ಊಟ ಮಾಡೋಕೆ. ಬಸ್ಸಾರು ಮಾಡಿದ್ರೆ ಕಾಳು ಸೊಪ್ಪು ಬೇಸಿ ಬಸಿದ್ಮೇಲೆ, ಖಾರ ರುಬ್ಬಿ ಹಾಕೋ ಮುಂಚೆ ಆ ಕಟ್ಟು ಒಂದು ಬಟ್ಲು ಎತ್ತಿಡಿ, ಒಗ್ಗರಣೆಗೆ ಮೆಣಸಿನಕಾಯಿ ಹಾಕೋ ಮುಂಚೆ ಪಲ್ಯನೂ ಒಂದಿಷ್ಟು ತೆಗೆದಿಡಿ, ಉಪ್ಪು ಹಾಕಿ ಕೊಟ್ರೆ ಅವರಿಗೆ ಅದೇ ಹಬ್ಬ. ಜಪಾನಿನವರಿಗೆ ತೆಳು ಸೂಪು, ಬೆಂದ ಸೊಪ್ಪು, ಅನ್ನ ಮೂರೂ ದಿನಾ ಬೇಕಾಗಿರೋದೇ. ಅವರೆಕಾಯಿ ಕಾಲ ಆದ್ರೆ ಹಿತಕಿದ ಬೇಳೆನೂ ಹಂಗೇ ಖಾರ ಇಲ್ಲದೆ ತೆಗೆದಿಡಿ, ಅವರೂ ಸೋಯಾ ಕಾಯಿ ಬೇಸಿ ಹಿಸುಕಿ ತಿನ್ನೋರು, ಹಿತಕೋಕೆ ಕೂರಿಸ್ಕೊಂಡ್ರೆ ಎರಡು ಗಂಟೆ ಮಾತೇ ಬೇಕಾಗಲ್ಲ. ಅನ್ನ ಸ್ವಲ್ಪ ಮೆತ್ತಗಿರಲಿ. ಮುದ್ದೆ ಕೊಡಿ, ಆದ್ರೆ ನುಂಗಿ ಅಂತ ಬಲವಂತ ಮಾಡ್ಬೇಡಿ. ಜಪಾನಲ್ಲಿ ಮೋಚಿ ಅಂತ ಅಂಟು ಅಕ್ಕಿ ಕುಟ್ಟಿ ಮಾಡೋ ಮುದ್ದೆ ಇದೆ, ಹೊಸ ವರ್ಷಕ್ಕೆ ಅದು ಗಂಟಲಿಗೆ ಸಿಕ್ಕಿ ವಯಸ್ಸಾದವರು ಸಾಯೋದು ಅಲ್ಲಿ ಪ್ರತಿವರ್ಷದ ಸುದ್ದಿ, ಆ ಭಯ ಅವರಿಗೆ ಇದ್ದೇ ಇರುತ್ತೆ. ಗೋಲಿ ಗಾತ್ರ ಮುರಿದು ಕೊಡಿ, ಅಗಿದು ತಿಂದ್ರೆ ತಿನ್ನಲಿ. ಹಸಿ ಚಟ್ನಿ, ಕೋಸಂಬರಿ, ಕತ್ತರಿಸಿಟ್ಟ ಹಣ್ಣು ಮೊದಲೆರಡು ದಿನ ಬೇಡ, ಸಿಪ್ಪೆ ಸುಲಿಯೋ ಬಾಳೆಹಣ್ಣು ಇರಲಿ. ನೀರು ಬೋರ್‌ವೆಲ್‌ದು ಕೊಡ್ಲೇಬೇಡಿ, ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಬೋರ್ ನೀರಲ್ಲಿ ಫ್ಲೋರೈಡ್ ಇರೋದು ನಿಮಗೆ ಗೊತ್ತಿರೋದೇ, ಕಾಯಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಶುದ್ಧ ನೀರಿನ ಘಟಕದ ನೀರು ತಂದು ಕಾಯಿಸಿ ಆರಿಸಿ ಕೊಡಿ, ಅಥ್ವಾ ಸೀಲ್ ಇರೋ ಬಾಟಲಿ, ಸೀಲ್ ಅವರೇ ಬಿಚ್ಚಲಿ.

ಟೈಮಿನ ಲೆಕ್ಕ ಯಾರೂ ಹಾಕಲ್ಲ, ನೀವು ಹಾಕಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನಿಮ್ಮನೇಲಿ ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕೂತ್ರೆ ಅವರ ಮೈಗೆ ಅದು ನಡುರಾತ್ರಿ ಒಂದು ಗಂಟೆ. ಏಳಕ್ಕೆ ಮೊದಲೇ ಅವರಿಗೆ ಹಾಕ್ಬಿಡಿ, ಮನೆಯವರ ಜೊತೆನೇ ಕೂರಬೇಕು ಅಂತಿದ್ರೆ ಮನೆಯವರೆಲ್ಲ ಬೇಗ ಕೂತ್ಕೊಳ್ಳಿ. ಬೆಳಗಿನ ಜಾವ ಎರಡೂವರೆ ಮೂರಕ್ಕೆ ಅವರಿಗೆ ಎಚ್ಚರ ಆಗೋದೂ ಅದಕ್ಕೇ, ಕತ್ತಲಲ್ಲಿ ತಡಕಾಡಬಾರದು, ಸ್ವಿಚ್ ಎಲ್ಲಿದೆ, ಚಿಲಕ ಹೇಗೆ ತೆಗೆಯೋದು, ಬಾತ್‌ರೂಮಿಗೆ ದಾರಿ ಯಾವುದು ಅಂತ ಹಗಲಲ್ಲೇ ಎರಡ್ಸಲ ನಡೆಸಿ ತೋರ್ಸಿ. ಸ್ನಾನ ಅವರದು ರಾತ್ರಿ, ಮಲಗೋ ಮುಂಚೆ. ಬೆಳಗ್ಗೆ ಹಂಡೆ ನೀರು ಕಾಯಿಸಿ ಕಾಯ್ತಾ ಕೂರಬೇಡಿ, ಸಂಜೆ ಕಾಯಿಸಿ. ಟಾಯ್ಲೆಟ್ ಪೇಪರ್ ಒಂದೆರಡು ಸುರುಳಿ ತಂದಿಡಿ. ಚಾರ್ಜರ್ ಪಿನ್ನು ಅವರದು ಚಪ್ಪಟೆ, ನಮ್ಮ ಪ್ಲಗ್ಗಿಗೆ ಕೂರಲ್ಲ, ಮಗಳಿಗೆ ಹೇಳಿ ಅಡಾಪ್ಟರ್ ತರಿಸಿ. ಅಲ್ಲಿ ಕರೆಂಟು 100 ವೋಲ್ಟ್, ನಮ್ಮದು 230, ಫೋನ್ ಚಾರ್ಜರ್‌ಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದ್ರೆ ಕೂದಲು ಒಣಗಿಸೋ ಮೆಷಿನ್ ಅಲ್ಲಿಂದ ತಂದಿದ್ರೆ ಹಾಕೋಕೆ ಬಿಡ್ಬೇಡಿ.

ಫೋನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಇದ್ರೆ ಎಲ್ಲ ಆಗುತ್ತೆ ಅಂತ ಮಗಳು ಹೇಳಿರ್ತಾಳೆ. ಉಪಯೋಗ ಇದೆ, ನಾನೂ ಬಳಸ್ತೀನಿ, ಆದ್ರೆ ಅದಕ್ಕೆ ಮಾತಾಡೋ ರೀತಿ ಬೇರೆ. ನಾವು ಮನೇಲಿ ಮಾತಾಡೋ ‘ಐತೆ, ಬತ್ತೀನಿ’, ಮಧ್ಯದಲ್ಲಿ ತೆಲುಗು, ಇದೆಲ್ಲ ಅದಕ್ಕೆ ಸರಿಯಾಗಿ ಕೇಳ್ಸಲ್ಲ, ವಾರ್ತೆ ಓದೋರ ಥರ ಚಿಕ್ಕ ಚಿಕ್ಕ ವಾಕ್ಯ ಹೇಳಿ. ಯಾರು ಅನ್ನೋದನ್ನ ಬಿಡಲೇಬೇಡಿ. ‘ತಿಂದ್ರಾ?’ ಅಂದ್ರೆ ನೀವು ತಿಂದ್ರಾ ಅಂತನೂ ಆಯ್ತು ಅವರು ತಿಂದ್ರಾ ಅಂತನೂ ಆಯ್ತು, ಮೆಷಿನ್ ತನಗೆ ತೋಚಿದ್ದನ್ನ ಹಾಕುತ್ತೆ. ‘ನೀವು ಊಟ ಮಾಡಿದಿರಾ’ ಅಂತ ಪೂರ್ತಿ ಹೇಳಿ. ಬಂದ ಜಪಾನೀಸನ್ನ ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ, ನೀವು ಹೇಳಿದ್ದೇ ವಾಪಸ್ ಬಂದ್ರೆ ಮಾತ್ರ ಅವರಿಗೆ ತೋರ್ಸಿ. ಎರಡೂ ಭಾಷೆ ಮೊದಲೇ ಡೌನ್‌ಲೋಡ್ ಮಾಡಿಸಿ ಇಟ್ಕೊಳ್ಳಿ, ತೋಟದಲ್ಲಿ ನೆಟ್‌ವರ್ಕ್ ನಂಬೋಕಾಗಲ್ಲ. ಮತ್ತೆ ರೇಷ್ಮೆ ಮಾತಿಗೆ ಫೋನ್ ಮುಟ್ಟಲೇಬೇಡಿ. ‘ಹುಳ ನಾಲ್ಕನೇ ಜ್ವರಕ್ಕೆ ಕೂತಿದೆ’ ಅಂತ ನೀವಂದ್ರೆ ಅದು ಹುಳಕ್ಕೆ ಕಾಯಿಲೆ ಅಂತ ಹೇಳಿ ಅವರನ್ನ ಗಾಬರಿ ಮಾಡುತ್ತೆ, ‘ಹುಳ ಹಣ್ಣಾಗಿದೆ’ ಅಂದ್ರೆ ಬಾಳೆಹಣ್ಣಿನ ಕಡೆ ಹೋಗುತ್ತೆ. ಅವರನ್ನ ಹುಳದ ತಟ್ಟೆ ಹತ್ರ ಕರ್ಕೊಂಡು ಹೋಗಿ ಸುಮ್ನೆ ತೋರ್ಸಿ ಸಾಕು. ಹುಳ ಸೊಪ್ಪು ತಿನ್ನೋದು ಬಿಟ್ಟು ಪೊರೆ ಕಳಚೋ ಹೊತ್ತಿಗೆ ನಾವು ಜ್ವರ ಅನ್ನೋದನ್ನ ಜಪಾನಲ್ಲಿ ನಿದ್ದೆ ಅಂತಾರೆ, ಮೊದಲ ನಿದ್ದೆ, ಎರಡನೇ ನಿದ್ದೆ ಅಂತ ಲೆಕ್ಕ. ಗೂಡು ಕಟ್ಟೋಕೆ ರೆಡಿಯಾದ ಹುಳಕ್ಕೆ ಮಾತ್ರ ಅವರೂ ಹಣ್ಣಾಯ್ತು ಅಂತನೇ ಹೆಸರಿಟ್ಟಿದಾರೆ. ಹುಳಕ್ಕೆ ಕೈಕೊ, ಗೂಡಿಗೆ ಮಾಯು, ಹಿಪ್ಪುನೇರಳೆಗೆ ಕುವಾ, ನೂಲಿಗೆ ಇತೊ. ಗುನ್ಮಾ ಕಡೆ ಹಳಬರು ಹುಳನ ‘ಒಕೈಕೊ-ಸಾಮಾ’ ಅಂತ ಬಹುವಚನ ಕೊಟ್ಟು ಕರೀತಾರೆ, ದೇವರಿಗೆ ಹಚ್ಚೋ ಅದೇ ‘ಸಾಮಾ’.

ಅವರು ಗುನ್ಮಾದವರು ಅಂದ್ರೆ ಅವರಿಗೆ ಇದು ಎಷ್ಟು ಹತ್ತಿರದ್ದು ಅಂತ ನಿಮಗೂ ಗೊತ್ತಿರಲಿ. 1872ರಲ್ಲಿ ಜಪಾನ್ ಸರ್ಕಾರ ದೊಡ್ಡ ನೂಲು ಬಿಚ್ಚೋ ಕಾರ್ಖಾನೆ ಕಟ್ಟಿದ್ದು ಅಲ್ಲೇ, ತೊಮಿಯೊಕಾ ಅನ್ನೋ ಊರಲ್ಲಿ, 2014ರಲ್ಲಿ ಅದು ವಿಶ್ವ ಪರಂಪರೆ ಪಟ್ಟಿಗೂ ಸೇರ್ತು. ಈಗ ಅಲ್ಲಿ ಹುಳ ಸಾಕೋ ಮನೆಗಳು ಬೆರಳೆಣಿಕೆಗೆ ಬಂದಿವೆ. ನಮ್ಮ ಕಡೆಗೂ ಅವರಿಗೂ ನಂಟಿದೆ, 1991ರಿಂದ 2007ರವರೆಗೆ ಜಪಾನಿನ ಜೈಕಾ ಸಂಸ್ಥೆ ಮತ್ತೆ ನಮ್ಮ ಕೇಂದ್ರ ರೇಷ್ಮೆ ಮಂಡಳಿ ಸೇರಿ ಬೈವೋಲ್ಟೀನ್ ಅನ್ನೋ ತಳಿಯ ಬಿಳಿ ಗೂಡಿನ ಕೆಲಸ ಮಾಡಿದ್ರು, ಅಲ್ಲಿನ ತಜ್ಞರು ಮೈಸೂರಿಗೆ ಬಂದು ಇದ್ದು ನಮ್ಮ ರೈತರ ಹುಳದ ಮನೆ ನೋಡಿದೋರು. ಈ ಅಮ್ಮ ಬಿಳಿ ಗೂಡು ನೋಡಿ ಬೆಳೆದಿರ್ತಾರೆ, ನಿಮ್ಮ ಹತ್ರ ಹಳದಿ ಗೂಡು ಇದ್ರೆ ಕೈಗೆ ಕೊಡಿ. ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ಚಂದ್ರಿಕೆ ತೋರ್ಸಿ, ಅವರಲ್ಲಿ ರಟ್ಟಿನ ಚೌಕದ ತಿರುಗೋ ಚೌಕಟ್ಟು ಬಳಸ್ತಿದ್ರು, ಇದನ್ನ ನೋಡ್ತಾ ನಿಂತ್ಬಿಡ್ತಾರೆ. ಸೊಪ್ಪು ಹಾಕೋಕೆ ಕೈಗೆ ಕೊಡಿ. ಅತಿಥಿ ಕೈಲಿ ಕೆಲಸ ಮಾಡಿಸೋದಾ ಅಂತ ಅತ್ತೆ ಅನ್ಬೋದು, ಆದ್ರೆ ಸುಮ್ನೆ ಕುರ್ಚಿ ಮೇಲೆ ಕೂರಿಸಿ ಎದುರಿಗೆ ಹತ್ತು ಜನ ನಿಂತು ನೋಡಿದ್ರೆ ಅದು ಅವರಿಗೆ ಶಿಕ್ಷೆ. ಬೆಳಗಿನ ಜಾವ ಎದ್ದಿರ್ತಾರಲ್ಲ, ಮೊದಲ ಸೊಪ್ಪು ಹಾಕೋ ಹೊತ್ತಿಗೆ ಅವರನ್ನೂ ಕರ್ಕೊಳ್ಳಿ.

ಇಲ್ಲೊಂದು ಅಪಾಯ ಇದೆ ಅಕ್ಕಾ, ದಯವಿಟ್ಟು ಮರೀಬೇಡಿ. ಇಂಡಿಯಾದಲ್ಲಿ ಸೊಳ್ಳೆ ಜಾಸ್ತಿ ಅಂತ ಅವರು ಸೊಳ್ಳೆ ಬತ್ತಿನೋ ಸ್ಪ್ರೇನೋ ಬ್ಯಾಗಲ್ಲಿ ತಂದೇ ತರ್ತಾರೆ. ಸೊಳ್ಳೆ ಸಾಯಿಸೋ ಔಷಧ ರೇಷ್ಮೆ ಹುಳನೂ ಸಾಯಿಸುತ್ತೆ, ಇದು ನಿಮಗೆ ಯಾರೂ ಹೇಳಬೇಕಾಗಿಲ್ಲ. ಅವರ ತವರಿನ ನೆನಪು ಐವತ್ತು ವರ್ಷ ಹಳೇದು, ರಾತ್ರಿ ರೂಮಲ್ಲಿ ಹಚ್ಚಿದ್ರೆ ಹೊಗೆ ಹುಳದ ಮನೆಗೆ ಬರಬೋದು ಅಂತ ಹೊಳೀದೇ ಇರಬೋದು. ಬಂದ ತಕ್ಷಣ ಸೊಳ್ಳೆ ಬತ್ತಿ ಚಿತ್ರ, ಸ್ಪ್ರೇ ಡಬ್ಬಿ ಚಿತ್ರ ಬರೆದು ಅಡ್ಡ ಗೀಟು ಹಾಕಿ, ಪಕ್ಕದಲ್ಲಿ ಹುಳದ ಚಿತ್ರ ಬರೆದು ತೋರ್ಸಿ, ಬದಲಿಗೆ ಸೊಳ್ಳೆ ಪರದೆ ಕಟ್ಟಿಕೊಡಿ. ಮೈಗೆ ಹಚ್ಚಿದ್ದಿದ್ರೆ ಕೈ ತೊಳೆದೇ ಒಳಗೆ ಬರಲಿ. ಇದೊಂದು ವಿಷ್ಯದಲ್ಲಿ ಸಂಕೋಚ ಬೇಡ, ಒಂದು ಬೆಳೆ ಹೋದ್ರೆ ನಿಮಗೆ ನಷ್ಟ, ಅದಕ್ಕಿಂತ ಹೆಚ್ಚಾಗಿ ಆ ಅಮ್ಮ ಜೀವಮಾನ ಪೂರ್ತಿ ಕೊರಗ್ತಾರೆ.

ಮಾತು ತಪ್ಪಿದಾಗ ಏನ್ ಮಾಡೋದು ಅಂತ ಕೇಳ್ತೀರಿ. ನೆದರ್ಲ್ಯಾಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಭಾಷಾ ವಿಜ್ಞಾನಿಗಳು 2013ರಲ್ಲಿ ಹತ್ತು ಭಾಷೆ ಹೋಲಿಸಿ ಒಂದು ಲೇಖನ ಬರೆದ್ರು, ಕೇಳಿಸದೇ ಇದ್ದಾಗ ಜನ ‘ಆಂ?’ ಅನ್ನೋ ಸದ್ದು ಎಲ್ಲ ಕಡೆ ಹತ್ತಿರ ಹತ್ತಿರ ಒಂದೇ ಥರ ಇದೆ ಅಂತ. ನಮ್ಮ ‘ಆಂ?’ ಜಪಾನೀಸಲ್ಲಿ ‘ಎ?’. ಅದನ್ನ ಧೈರ್ಯವಾಗಿ ಬಳಸಿ. ಗೊತ್ತಾಗದೇ ಇದ್ರೆ ನಕ್ಕು ತಲೆ ಆಡಿಸೋದು ಬೇಡ, ‘ಆಂ?’ ಅನ್ನಿ, ನೀವು ಮೊದಲು ಅಂದ್ರೆ ಅವರೂ ಅನ್ನೋಕೆ ಶುರು ಮಾಡ್ತಾರೆ. ದನಿ ಏರಿಸ್ಬೇಡಿ, ಅವರಿಗೆ ಕಿವಿ ಕೇಳುತ್ತೆ. ಮಧ್ಯಾಹ್ನ ಒಂದೆರಡು ಗಂಟೆ ಬಾಗಿಲು ಹಾಕ್ಕೊಂಡು ಒಬ್ಬರೇ ಇರೋಕೆ ಬಿಡಿ, ಪಕ್ಕದ ಮನೆಯವರು ನೋಡೋಕೆ ಬರೋದನ್ನ ಸಂಜೆಗೆ ಇಟ್ಕೊಳ್ಳಿ, ಫೋಟೋ ತೆಗೆಯೋ ಮುಂಚೆ ಫೋನ್ ತೋರಿಸಿ ಕೇಳಿ.

ಆರೋಗ್ಯ ಕೆಟ್ಟು ಏನೂ ತಿಳೀದೇ ಇದ್ರೆ 1363 ಅಂತ ಒಂದು ನಂಬರ್ ಇದೆ, ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸಹಾಯವಾಣಿ, ದಿನದ 24 ಗಂಟೆ, 12 ಭಾಷೆ, ಅದರಲ್ಲಿ ಜಪಾನೀಸೂ ಇದೆ. ಫೋನ್ ಹಚ್ಚಿ ಅವರ ಕೈಗೆ ಕೊಟ್ಬಿಡಿ. ತುರ್ತು ಅಂದ್ರೆ 112. ಇನ್ನು ಮಗಳ ಕೈಲಿ ಮಾಡಿಸ್ಬೇಕಾದ ಕೆಲಸ: ವಿದೇಶದವರನ್ನ ಮನೇಲಿ ಇಟ್ಕೊಂಡ್ರೆ, ಹೋಟೆಲಲ್ಲ ಸ್ವಂತ ಮನೆ ಆದ್ರೂನೂ, ಬಂದ 24 ಗಂಟೆ ಒಳಗೆ ಅವರ ವಿವರದ ಫಾರ್ಮ್ (ಹಿಂದೆ ಇದಕ್ಕೆ ಫಾರ್ಮ್ ಸಿ ಅಂತಿದ್ರು) ಆನ್‌ಲೈನಲ್ಲಿ ಸಲ್ಲಿಸ್ಬೇಕು, ಅದು ವಿದೇಶಿಯರ ನೋಂದಣಿ ಕಚೇರಿ ಅಂದ್ರೆ ಎಫ್‌ಆರ್‌ಆರ್‌ಒ ವೆಬ್‌ಸೈಟಲ್ಲಿ ಇರುತ್ತೆ. ಪಾಸ್‌ಪೋರ್ಟು ವೀಸಾ ವಿವರ ಮೊದಲೇ ತರಿಸ್ಕೊಂಡು ನಿಮ್ಮ ಮನೆ ಹೆಸರಲ್ಲಿ ರಿಜಿಸ್ಟರ್ ಮಾಡಿಸಿ ಇಟ್ಟಿರಲಿ, ಆ ದಿನ ಓಡಾಡೋದು ಬೇಡ.

ಅತ್ತೆಯವರು ಅರಿಶಿನ ಕುಂಕುಮ ಕೊಡಬೋದಾ ಅಂತ ಖಂಡಿತ ಕೇಳ್ತಾರೆ. ಕೊಡಲಿ, ಆದ್ರೆ ಮೊದಲು ತಾವು ಇಟ್ಕೊಂಡು ತೋರಿಸಲಿ, ಆಮೇಲೆ ತಟ್ಟೆ ಮುಂದೆ ಹಿಡೀಲಿ, ಇಟ್ಕೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು. ಅವರು ಬರುವಾಗ ಏನಾದ್ರೂ ಉಡುಗೊರೆ ತರ್ತಾರೆ, ಎರಡು ಕೈಲಿ ಕೊಡ್ತಾರೆ, ನೀವೂ ಎರಡು ಕೈಲಿ ತಗೊಳ್ಳಿ. ಹೊರಡುವಾಗ ಮಾವಿನಹಣ್ಣು, ಸೊಪ್ಪು, ಅವರೆಕಾಳು ಬೀಜ ಕಟ್ಟಿ ಕಳಿಸ್ಬೇಡಿ, ಜಪಾನ್ ಏರ್‌ಪೋರ್ಟಲ್ಲಿ ತಾಜಾ ಹಣ್ಣು ಬೀಜಕ್ಕೆ ಕಟ್ಟುನಿಟ್ಟಿನ ತಪಾಸಣೆ, ಅವರು ಅಲ್ಲಿ ಸಿಕ್ಕಿ ಹಾಕ್ಕೋತಾರೆ. ನಿಮ್ಮೂರಲ್ಲಿ ನೂಲು ಬಿಚ್ಚೋರ ಹತ್ರ ಒಂದು ಸಣ್ಣ ಲಡಿ ಹಳದಿ ನೂಲು ತಂದು ಬಿಳಿ ಬಟ್ಟೇಲಿ ಸುತ್ತಿ ಕೊಡಿ. ಅದನ್ನ ಕೈಗೆ ಕೊಡುವಾಗ ‘ಇತೊ’ ಅನ್ನಿ, ಅವರು ‘ನೂಲು’ ಅಂತಾರೆ, ಅಷ್ಟೊತ್ತಿಗೆ ಕಲಿತಿರ್ತಾರೆ.